ಲಿಫ್ಟಿನ ಪಕ್ಕದ ಜಾಗ

ಫೆಬ್ರವರಿ 9

ಬಿಳಿ ಕಾರಿನವರಿಗೆ,

ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೇ ಕಾರಿನ ಬಣ್ಣ ಹಿಡಿದು ಕರೆಯುತ್ತಿದ್ದೇನೆ. ಎದುರಿಗೆ ಬಂದು ಹೇಳಬಹುದಿತ್ತು. ಆದರೆ ಎದುರಿಗೆ ಬಂದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಈ ಕಾಗದವನ್ನು ವೈಪರ್‌ಗೆ ಸಿಕ್ಕಿಸಿ ಹೋಗುತ್ತೇನೆ.

ನಾನು ಎರಡನೇ ಮಹಡಿಯ ಟೈಲರ್. ನೀವು ಕಾರು ನಿಲ್ಲಿಸಿರುವ ಜಾಗದಲ್ಲಿ ನೆಲದ ಮೇಲೆ ಗಾಲಿಕುರ್ಚಿಯ ಚಿತ್ರ ಬರೆದಿದೆ. ಇಡೀ ಕಟ್ಟಡಕ್ಕೆ ಅಂಥದ್ದು ಇರುವುದು ಒಂದೇ. ನನ್ನ ಹೆಂಡತಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿವೆ. ಮಾತು ಒಂದೊಂದೇ ಬರುತ್ತದೆ. ಒಂದು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಈಗ ಕೆಲವು ತಿಂಗಳಿಂದ ನನ್ನ ಜೊತೆ ಅಂಗಡಿಗೆ ಬರುತ್ತಿದ್ದಾಳೆ. ಹಿಂದೆ ಅಂಗಡಿಯ ಗುಂಡಿ, ಗುಂಡಿ ತೂರುವ ಕಾಜಾ ಎಲ್ಲ ಅವಳದೇ ಕೆಲಸ. ಈಗ ಅಂಗಿಯನ್ನು ಮೇಜಿಗೆ ಕ್ಲಿಪ್ ಹಾಕಿ ಕೊಟ್ಟರೆ ಎಡಗೈಯಲ್ಲಿ ಗುಂಡಿ ಹಚ್ಚುತ್ತಾಳೆ. ಒಂದು ಅಂಗಿ ಮುಗಿದ ದಿನ ಊಟ ಕೇಳಿ ಬಡಿಸಿಕೊಳ್ಳುತ್ತಾಳೆ.

ನಿನ್ನೆ ಸಂಜೆ ಬಂದರೆ ಅಲ್ಲಿ ನಿಮ್ಮ ಕಾರು. ದಾರಿಯ ನಡುವೆಯೇ ಅವಳನ್ನು ಇಳಿಸಬೇಕಾಯಿತು. ಹಿಂದೆ ಸಾಲಾಗಿ ಹಾರ್ನ್. ಆತುರದಲ್ಲಿ ಅವಳ ಚಪ್ಪಲಿ ಕಳಚಿ ಬಿತ್ತು, ಬಟ್ಟೆ ಸರಿಯಿತು, ಸರಿಮಾಡಿಕೊಳ್ಳಲು ಅವಳಿಗೆ ಕೈಯಿಲ್ಲ. ನಾನು ಕಾರನ್ನು ಆ ತುದಿಯಲ್ಲಿ ನಿಲ್ಲಿಸಿ ಓಡಿ ಬರುವವರೆಗೆ ಎಲ್ಲರ ಎದುರು ಹಾಗೇ ಕುಳಿತಿದ್ದಳು. ಮನೆಗೆ ಬಂದ ಮೇಲೆ "ಬೇಡ" ಅಂದಳು. ಏನು ಬೇಡ ಎಂದು ಕೇಳಿದೆ. "ಅಂಗಡಿ" ಅಂದಳು.

ಇವತ್ತು ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ನಿಮ್ಮನ್ನು ನೋಡಿದೆ. ಭುಜಕ್ಕೆ ಚೀಲ ಹಾಕಿಕೊಂಡು ಟಕಟಕ ನಡೆದು ಬಂದು ಕಾರು ಹತ್ತಿದಿರಿ. ಕೈಕಾಲು ನೆಟ್ಟಗಿರುವವರು ನೀವು. ನಾಚಿಕೆಯಾಗುವುದಿಲ್ಲವೆ?

ಇಂತಿ,
ಎರಡನೇ ಮಹಡಿಯ ಟೈಲರ್


ಫೆಬ್ರವರಿ 10

ಟೈಲರ್ ಅವರಿಗೆ,

ನಾನು ಪುಸ್ತಕದ ಪ್ರಕಾಶನವೊಂದರಲ್ಲಿ ಕರಡು ತಿದ್ದುವವಳು. ಯಾರ ಬರಹ ಕೈಗೆ ಬಂದರೂ ಪೆನ್ನು ತಾನಾಗಿ ಏಳುತ್ತದೆ. ನಿಮ್ಮದನ್ನು ಮಾತ್ರ ಮುಟ್ಟಲಿಲ್ಲ. ಕೋಪದಲ್ಲಿ ಬರೆದದ್ದನ್ನು ತಿದ್ದಿದರೆ ಅದರ ರುಚಿ ಕೆಡುತ್ತದೆ.

ನೀವು ವೈಪರ್ ಎತ್ತಿದಾಗ ಗಾಜಿನ ಒಳಗೆ ಆ ಜಾಗದ ಪರವಾನಗಿ ಚೀಟಿ ಇತ್ತು, ನಿಮ್ಮ ಮೂಗಿನ ಕೆಳಗೇ. ನಿಮ್ಮ ಕಾರಿನಲ್ಲಿರುವಂಥದ್ದೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ನೀವು ನನ್ನ ಕಾಲು ಮಾತ್ರ ನೋಡಿದಿರಿ. ಕಾಯಿಲೆ ಇರುವುದು ಶ್ವಾಸಕೋಶದಲ್ಲಿ. ಅದು ದಿನೇ ದಿನೇ ಗಟ್ಟಿಯಾಗುತ್ತ ಹೋಗುತ್ತದೆ, ಗಾಳಿ ಹಿಡಿಯುವುದಿಲ್ಲ. ಲಿಫ್ಟಿನಿಂದ ಕಾರಿನವರೆಗೆ ನಾನು ಟಕಟಕ ನಡೆಯಬಲ್ಲೆ. ಆಮೇಲೆ ಸ್ಟೀರಿಂಗಿಗೆ ಹಣೆ ಒರಗಿಸಿ ಕುಳಿತುಕೊಳ್ಳುತ್ತೇನೆ. ಅದು ನಿಮ್ಮ ಕಿಟಕಿಗೆ ಕಾಣುವುದಿಲ್ಲ.

ಹೋದ ವಾರ ತಾನೇ ಈ ಕಟ್ಟಡಕ್ಕೆ ಬಂದೆ. ನನಗೆ ಹಂಚಿದ ಜಾಗ ಇಳಿಜಾರಿನ ಕೆಳಗೆ, ಕಾಂಪೌಂಡ್ ಗೋಡೆಯ ಹತ್ತಿರ. ಅದರ ಪಕ್ಕದ್ದು ನಿಮಗೆ ಹಂಚಿದ್ದಂತೆ, ಕಾವಲುಗಾರ ಹೇಳಿದ. ಅಲ್ಲಿಂದ ಏರಿ ಬರುವಷ್ಟರಲ್ಲಿ ನನ್ನ ತುಟಿ ನೀಲಿಯಾಗುತ್ತದೆ.

ನಾಚಿಕೆಯ ವಿಷಯ ಕೇಳಿದಿರಿ. ಆಗುತ್ತದೆ. ಆ ಜಾಗದಲ್ಲಿ ಇಳಿಯುವಾಗಲೆಲ್ಲ ಯಾರೋ ನೋಡುತ್ತಿದ್ದಾರೆ ಅನ್ನಿಸಿ, ಸ್ವಲ್ಪ ಕುಂಟೋಣವೆ ಎಂದುಕೊಳ್ಳುತ್ತೇನೆ. ಒಂದು ಸಲ ಕುಂಟಿದ್ದೇನೆ ಕೂಡ, ಆಸ್ಪತ್ರೆಯ ಎದುರಿಗೇ. ಯಾವ ಕಾಲು ಎಂದು ನಡುವೆ ಮರೆತುಹೋಯಿತು.

ನಿಮ್ಮ ಮನೆಯವರ ಚಪ್ಪಲಿಯ ಮಾತು ಓದಿದ ಮೇಲೆ ಊಟ ಸೇರಲಿಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ. ಉಳಿದದ್ದಕ್ಕೆ ಕೇಳುವುದಿಲ್ಲ. ಉತ್ತರ ಬರೆಯುವುದಿದ್ದರೆ ಬರೆದೇ ತಿಳಿಸಿ. ಮಾತಾಡಿದರೆ ಉಸಿರು ಖರ್ಚು, ಬರೆದರೆ ಉಳಿತಾಯ.

ಇಂತಿ,
ಬಿಳಿ ಕಾರಿನವಳು, ಐದನೇ ಮಹಡಿ


ಫೆಬ್ರವರಿ 13

ಅಮ್ಮನವರಿಗೆ,

ಮೂರು ದಿನದಿಂದ ಬರೆದು ಬರೆದು ಹರಿದೆ. ನಾನು ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವವನಲ್ಲ. ನಿಮ್ಮ ವಿಷಯದಲ್ಲಿ ಹಾಕಿಬಿಟ್ಟೆ. ನಿಮ್ಮ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. ಕುಂಟಿದ ಜಾಗಕ್ಕೆ ಬಂದಾಗ ಅವಳ ಬಾಯಿಯ ಎಡ ಮೂಲೆ ಮೇಲೆ ಹೋಯಿತು. ಈಗ ಅವಳು ನಗುವುದು ಹಾಗೆ. ಆಮೇಲೆ ನನ್ನ ಕಡೆ ನೋಡಿ "ತಪ್ಪು" ಅಂದಳು. ಅವಳಿಗೆ ಬರುವ ನಾಲ್ಕು ಮಾತಲ್ಲಿ ಒಂದನ್ನು ನನಗಾಗಿಯೇ ಖರ್ಚು ಮಾಡಿದಳು.

ನಮ್ಮ ಕಷ್ಟ ದೂರದ್ದಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ, ಇಳಿಜಾರಿನಲ್ಲಿ ಕುರ್ಚಿ ತಳ್ಳಬಲ್ಲೆ. ನಮಗೆ ಬೇಕಾದದ್ದು ಅಗಲ. ಬಾಗಿಲು ಪೂರ್ತಿ ತೆರೆದು, ಕುರ್ಚಿಯನ್ನು ಸೀಟಿನ ಪಕ್ಕಕ್ಕೆ ತಂದು, ನಾನೂ ನಿಲ್ಲುವಷ್ಟು. ನಿಮಗೆ ಅಗಲ ಬೇಡ, ಹತ್ತಿರ ಬೇಕು. ಎರಡೂ ಇರುವುದು ಅದೊಂದೇ ಜಾಗದಲ್ಲಿ.

ಯೋಚಿಸಿ ನೋಡಿದೆ. ನನಗೆ ತೋಳಿದೆ, ಅವಳನ್ನು ಎತ್ತಿ ಇಳಿಸುತ್ತೇನೆ. ನಿಮ್ಮ ಉಸಿರನ್ನು ಯಾರೂ ಎತ್ತಿಕೊಡಲಾರರು. ಆ ಜಾಗ ನಿಮ್ಮದು. ದಯವಿಟ್ಟು ಅಲ್ಲೇ ನಿಲ್ಲಿಸಿ.

ಇಂತಿ,
ಟೈಲರ್


ಫೆಬ್ರವರಿ 22

ಟೈಲರ್ ಅಣ್ಣನವರೇ,

ಒಂದು ವಾರದಿಂದ ಲಿಫ್ಟಿನ ಪಕ್ಕದ ಜಾಗ ಖಾಲಿ ಇದೆ. ನೀವು ನಿಲ್ಲಿಸುತ್ತೀರೆಂದು ನಾನು ಬಿಟ್ಟೆ. ನಾನು ನಿಲ್ಲಿಸುತ್ತೇನೆಂದು ನೀವು ಬಿಟ್ಟಿದ್ದೀರಿ. ಇಬ್ಬರೂ ಆ ತುದಿಯಲ್ಲಿ ಪಕ್ಕಪಕ್ಕ ನಿಂತಿದ್ದೇವೆ. ನೋಡಿದವರು ಏನೆಂದುಕೊಳ್ಳಬೇಕು.

ಮೊನ್ನೆ ಲಿಫ್ಟಿನಲ್ಲಿ ನೀವಿಬ್ಬರೂ ಸಿಕ್ಕಿದಿರಿ. ನಾನು ನಕ್ಕೆ, ನೀವು ನಕ್ಕಿರಿ, ಎರಡನೇ ಮಹಡಿ ಬಂತು. ಇಷ್ಟೆಲ್ಲ ಬರೆದುಕೊಂಡವರು ಬಾಯಿ ಬಿಡಲಿಲ್ಲ. ನಿಮ್ಮ ಮನೆಯವರು ಮಾತ್ರ ನನ್ನ ಕೋಟನ್ನು ನೋಡಿದರು, ಮೇಲಿನಿಂದ ಕೆಳಗೆ. ಎರಡನೇ ಗುಂಡಿ ಇರಲಿಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಹೋದ ಮೇಲೆ.

ಅದೇ ಬೂದು ಕೋಟನ್ನು ಕಾವಲುಗಾರನ ಕೈಯಲ್ಲಿ ಕಳಿಸುತ್ತಿದ್ದೇನೆ. ಗುಂಡಿ ಅವರೇ ಹಚ್ಚಬೇಕು. ಅಂಗಡಿಯಲ್ಲಿ ಕುಳಿತು ಹಚ್ಚಬೇಕು, ಮನೆಯಲ್ಲಿ ಅಲ್ಲ. ಅವಸರವಿಲ್ಲ.

ಜಾಗ ನಿಮ್ಮದೇ. ನನ್ನ ಯೋಚನೆ ಬಿಡಿ. ಸ್ವಲ್ಪ ಸ್ವಲ್ಪ ಏರು ಹತ್ತುವುದು ಒಳ್ಳೆಯದೇ ಎಂದು ಡಾಕ್ಟರು ಹೇಳಿದ್ದಾರೆ. ಈಗ ಅಭ್ಯಾಸವಾಗುತ್ತಿದೆ.

ನಿಮ್ಮ,
ಐದನೇ ಮಹಡಿಯವಳು


ಮಾರ್ಚ್ 3

ತಂಗೀ,

ಅಣ್ಣ ಎಂದಿರಿ, ನಾನೂ ಹಾಗೇ ಕರೆದೆ. ವಯಸ್ಸಿನಲ್ಲಿ ಹೆಚ್ಚುಕಡಿಮೆ ಇದ್ದರೆ ಕ್ಷಮಿಸಿ.

ಕೋಟು ಬಂತು. ಅವಳು ಅದನ್ನು ಮಡಿಲಲ್ಲಿ ಹಾಕಿಕೊಂಡು ಒಂದೊಂದೇ ಕಾಜಾವನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ಮಷೀನು" ಅಂದಳು, ತಾತ್ಸಾರದಿಂದ. ಕೈಯಲ್ಲಿ ಹೊಲಿದ ಕಾಜಾ ಬಿಟ್ಟರೆ ಬೇರೆಯದನ್ನು ಅವಳು ಕಾಜಾ ಎನ್ನುವುದಿಲ್ಲ. ಗುಂಡಿಯ ಡಬ್ಬ ಸುರಿದುಕೊಂಡು ಬೂದು ಬಣ್ಣಕ್ಕೆ ಹೊಂದುವುದನ್ನು ಹುಡುಕುತ್ತಿದ್ದಾಳೆ. ಸಿಕ್ಕಿಲ್ಲ, ಹತ್ತಿರದ ಬಣ್ಣ ಆಗುವುದಿಲ್ಲವಂತೆ.

ನಮ್ಮ ಚಿಂತೆ ಬೇಡ. ಎತ್ತಿ ಇಳಿಸುವುದು ರೂಢಿಯಾಗಿದೆ. ನಾನು ಹೊಸ ಪಟ್ಟು ಕಲಿತಿದ್ದೇನೆ, ಒಂದು ಕೈ ಬೆನ್ನಿಗೆ, ಒಂದು ಮೊಣಕಾಲಿನ ಕೆಳಗೆ. ದಿನಾ ಅಂಗಡಿಗೆ ಬರುತ್ತಾಳೆ, ಖುಷಿಯಾಗಿದ್ದಾಳೆ. ನೀವು ಲಿಫ್ಟಿನ ಪಕ್ಕದಲ್ಲೇ ನಿಲ್ಲಿಸಿ. ಇಲ್ಲದಿದ್ದರೆ ನನಗೆ ಬೇಸರವಾಗುತ್ತದೆ.

ನಿಮ್ಮ ಅಣ್ಣ,
ಟೈಲರ್


ಮಾರ್ಚ್ 29

ಅಣ್ಣನವರೇ,

ಇವತ್ತು ಬೆಳಿಗ್ಗೆ ಕೆಳಗೆ ಇಳಿದಿದ್ದೀರಾ? ಲಿಫ್ಟಿನ ಪಕ್ಕದ ಜಾಗದ ತುಂಬ ಹೂಕುಂಡ. ಸಿಮೆಂಟಿನವು, ಇಬ್ಬರು ಸೇರಿ ಎತ್ತಬೇಕಾದಂಥವು. ಅವುಗಳ ಸಂದಿಯಲ್ಲಿ ನೆಲದ ಮೇಲಿನ ಚಿತ್ರದ ಗಾಲಿ ಮಾತ್ರ ಕಾಣುತ್ತದೆ.

ಕಾವಲುಗಾರ ನೀರು ಹಾಕುತ್ತಿದ್ದ. "ಯಾಕಪ್ಪಾ ಇಲ್ಲಿ?" ಎಂದೆ. "ಯಾರೂ ನಿಲ್ಸಲ್ವಲ್ಲಮ್ಮ ಇಲ್ಲಿ. ಸುಮ್ನೆ ಖಾಲಿ ಬಿದ್ದಿದ್ರೆ ಹೊರಗಿನವರು ಬಂದು ನಿಲ್ಸ್ತಾರೆ ಅಂತ ಅಧ್ಯಕ್ಷರು ಹೇಳಿದ್ರು. ಎಷ್ಟು ಚೆನ್ನಾಗ್ ಕಾಣ್ತಿದೆ ನೋಡಿ," ಎಂದ. ಚೆನ್ನಾಗಿಯೇ ಕಾಣುತ್ತಿತ್ತು, ಅದೇ ಸಂಕಟ.

ಅತಿ ವಿನಯ ಧೂರ್ತ ಲಕ್ಷಣ ಅಂತಾರೆ. ನಮ್ಮದು ಬರೀ ದಡ್ಡ ಲಕ್ಷಣ. ಯಾರಾದರೂ ಕಸಿದುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ನೀವು ನನಗೆ ಬಿಟ್ಟಿರಿ, ನಾನು ನಿಮಗೆ ಬಿಟ್ಟೆ, ಬಿಟ್ಟದ್ದು ಗಿಡಕ್ಕೆ ಹೋಯಿತು.

ಈಗ ಸುಮ್ಮನೆ ಕೂರುವುದು ಬೇಡ. ಸಮಿತಿಗೆ ಒಂದು ಕಾಗದ ಬರೆದಿದ್ದೇನೆ. ಓದಿ, ಸರಿ ಎನಿಸಿದರೆ ಸಹಿ ಹಾಕಿ. ನಿಮ್ಮ ಮನೆಯವರ ಎಡಗೈ ಸಹಿಯೂ ಇರಲಿ.

ನಿಮ್ಮ ತಂಗಿ


ಮಾರ್ಚ್ 30

ನಿವಾಸಿಗಳ ಸಮಿತಿಯ ಅಧ್ಯಕ್ಷರಿಗೆ,

ಲಿಫ್ಟಿನ ಪಕ್ಕದ ಜಾಗಕ್ಕೆ ಪರವಾನಗಿ ಇರುವ ಮನೆಗಳು ಈ ಕಟ್ಟಡದಲ್ಲಿ ಎರಡಿವೆ. ಎರಡನೇ ಮಹಡಿಯವರಿಗೆ ಅಗಲದ ಜಾಗ ಬೇಕು, ದೂರವಿದ್ದರೂ ಆದೀತು. ಐದನೇ ಮಹಡಿಯವರಿಗೆ ಹತ್ತಿರದ ಜಾಗ ಬೇಕು, ಕಿರಿದಾದರೂ ಆದೀತು. ಹೂಕುಂಡಗಳನ್ನು ತೆಗೆದು ಅಲ್ಲಿ ಐದನೇ ಮಹಡಿಯವರಿಗೆ ಅವಕಾಶ ಕೊಟ್ಟರೆ, ಅವರಿಗೆ ಹಂಚಿದ ಕೆಳಗಿನ ಜಾಗ ಖಾಲಿಯಾಗುತ್ತದೆ. ಅದನ್ನು ಪಕ್ಕದಲ್ಲಿರುವ ಎರಡನೇ ಮಹಡಿಯವರ ಜಾಗಕ್ಕೆ ಸೇರಿಸಿ ಗೆರೆ ಎಳೆದರೆ ಅವರಿಗೆ ಅಗಲ ಸಿಗುತ್ತದೆ. ಬೇಕಾದದ್ದು ಒಂದು ಡಬ್ಬ ಬಣ್ಣ. ಅದನ್ನು ನಾವೇ ತಂದುಕೊಡುತ್ತೇವೆ.

ವಿಶ್ವಾಸದಿಂದ,
ಎರಡನೇ ಮಹಡಿಯ ದಂಪತಿ, ಐದನೇ ಮಹಡಿಯ ನಿವಾಸಿ


ಏಪ್ರಿಲ್ 11

ಮಾನ್ಯರೆ,

ತಮ್ಮ ಪತ್ರವನ್ನು ಸಮಿತಿ ಸಹಾನುಭೂತಿಯಿಂದ ಪರಿಶೀಲಿಸಿದೆ. ಸದರಿ ಜಾಗವನ್ನು ಪರವಾನಗಿ ಇದ್ದವರೇ ಕಳೆದ ಹಲವು ವಾರಗಳಿಂದ ಬಳಸಿಲ್ಲ ಎಂಬುದು ಸಮಿತಿಯ ಗಮನಕ್ಕೆ ಬಂದಿದೆ. ತಾವಿಬ್ಬರೂ ಕೆಳಗಿನ ಜಾಗಗಳಲ್ಲಿ ಯಾವ ದೂರೂ ಇಲ್ಲದೆ ನಿಲ್ಲಿಸುತ್ತಿರುವುದನ್ನು ಎಲ್ಲ ನಿವಾಸಿಗಳೂ ಮೆಚ್ಚಿದ್ದಾರೆ. ಒಬ್ಬರಿಗೆ ಎರಡು ಜಾಗ ಸೇರಿಸಿ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ. ಮುಂದಿನ ವಾರ್ಷಿಕ ಸಭೆಯಲ್ಲಿ ಈ ವಿಷಯವನ್ನು ಮತ್ತೆ ಚರ್ಚಿಸಲಾಗುವುದು. ಗಿಡಗಳಿಗೆ ದಯವಿಟ್ಟು ಹಾನಿ ಮಾಡಬಾರದು.

ಸಮಿತಿಯ ಪರವಾಗಿ,
ಅಧ್ಯಕ್ಷರು


ಏಪ್ರಿಲ್ 14

ತಂಗೀ,

ಅಧ್ಯಕ್ಷರ ಮನೆಗೆ ಹೋಗಿದ್ದೆ. ಕೂರಿಸಿದರು, ಕುಡಿಯಲು ಕೊಟ್ಟರು. "ನೀವು ಹೇಳೋದು ನ್ಯಾಯವೇ ಟೈಲರ್, ಆದ್ರೆ ನೀವೇ ನಿಲ್ಲಿಸ್ತಿರ್ಲಿಲ್ವಲ್ಲ," ಎಂದರು. ಲೋಟ ಕೆಳಗಿಟ್ಟು ಎದ್ದೆ. ಅವರು ಕೆಟ್ಟವರಲ್ಲ. ಹೊರಡುವಾಗ ಲಿಫ್ಟಿನ ಗುಂಡಿ ತಾವೇ ಒತ್ತಿದರು.

ಈಗ ನಿಜ ಹೇಳುತ್ತೇನೆ. ಮಾರ್ಚ್ ಮೂರರ ಕಾಗದದಲ್ಲಿ ಬರೆದದ್ದು ಸುಳ್ಳು. ಎತ್ತಿ ಇಳಿಸುವಾಗ ಒಂದು ದಿನ ನನ್ನ ಸೊಂಟ ಹಿಡಿಯಿತು. ಇಬ್ಬರೂ ಎರಡು ಕಾರಿನ ನಡುವೆ ಸಿಕ್ಕಿಕೊಂಡೆವು. ಅವಳ ಕೆನ್ನೆ ಪಕ್ಕದ ಕಾರಿನ ಗಾಜಿಗೆ ಒತ್ತಿಕೊಂಡಿತ್ತು. ಹೆಚ್ಚು ಹೊತ್ತೇನಲ್ಲ. ಕಾವಲುಗಾರ ಬಂದು ಹಿಡಿದ. ಅವತ್ತಿನಿಂದ ಅವಳು ಕೆಳಗೆ ಇಳಿದಿಲ್ಲ. ಲಿಫ್ಟಿನಲ್ಲಿ ನೀವು ನಮ್ಮನ್ನು ನೋಡಿದಿರಲ್ಲ, ಅದೇ ಕೊನೆಯ ವಾರ. ಕೋಟನ್ನೂ ಮನೆಯಲ್ಲೇ ಇಟ್ಟುಕೊಂಡಿದ್ದಾಳೆ. ಮುಖ ಮತ್ತೆ ಗೋಡೆಯ ಕಡೆಗಾಗಿದೆ.

ಆ ಪಕ್ಕದ ಕಾರು ಬಿಳಿ ಬಣ್ಣದ್ದು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ.

ನಿಮ್ಮ ಅಣ್ಣ


ಮೇ 6

ಅಣ್ಣಾ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಬರೆಯುವುದಕ್ಕೂ ಉಸಿರು ಬೇಕು ಎಂದು ಈಗ ಗೊತ್ತಾಗಿದೆ.

ಡಾಕ್ಟರು ಏರು ಹತ್ತಲು ಹೇಳಿರಲಿಲ್ಲ. ಹತ್ತಲೇಬಾರದು ಅಂದಿದ್ದರು. ಹೋದ ತಿಂಗಳು ಇಳಿಜಾರಿನ ನಡುವೆ ಕುಳಿತುಬಿಟ್ಟೆ. ಯಾರೋ ಬಂದು ಏನು ಕಳೆದುಹೋಯಿತಮ್ಮ ಎಂದು ಕೇಳಿದರು. ಕಿವಿಯೋಲೆ ಎಂದೆ. ಪಾಪ, ಅವರೂ ಕೂತು ಹುಡುಕಿದರು. ನೀವೂ ನಾನೂ ಒಬ್ಬರಿಗೊಬ್ಬರು ಎಷ್ಟು ಚೆನ್ನಾಗಿ ಸುಳ್ಳು ಹೇಳಿಕೊಂಡೆವು ನೋಡಿ. ನಾವು ಆ ಮೊದಲ ವಾರದ ಹಾಗೆ ಜಗಳವಾಡಿಕೊಂಡೇ ಇದ್ದಿದ್ದರೆ, ಯಾರಾದರೂ ಒಬ್ಬರ ಕಾರು ಅಲ್ಲಿ ನಿಂತಿರುತ್ತಿತ್ತು.

ನಾಳೆ ಅಕ್ಕ ಬಂದು ತನ್ನೂರಿಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಆಸ್ಪತ್ರೆ ಮನೆಯ ಎದುರಿಗೇ ಇದೆ, ಆಕ್ಸಿಜನ್ ಸಿಲಿಂಡರ್ ಮನೆಗೇ ತಂದುಕೊಡುತ್ತಾರೆ. ಕಾರನ್ನೂ ಅವಳೇ ಓಡಿಸಿಕೊಂಡು ಹೋಗುತ್ತಾಳೆ. ಮನೆ ಸದ್ಯಕ್ಕೆ ಬೀಗ ಹಾಕಿರುತ್ತದೆ. ನಿಮ್ಮ ಪಕ್ಕದ ನನ್ನ ಜಾಗ ಖಾಲಿ. ಇನ್ನು ನಿಮಗೆ ಬೇಕಾದ ಅಗಲ ಇದೆ. ಬಾಗಿಲು ಪೂರ್ತಿ ತೆಗೆಯಿರಿ. ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ. ನಾನು ಕೇಳಿದೆ ಎಂದು ಹೇಳಿ. ಈ ಸಲ ನನಗೋಸ್ಕರ ಬಿಟ್ಟುಕೊಡಬೇಡಿ, ಕೈಮುಗಿಯುತ್ತೇನೆ.

ಕೋಟು ಅವರ ಹತ್ತಿರವೇ ಇರಲಿ. ಅಕ್ಕನ ವಿಳಾಸ ಹಿಂಬದಿಯಲ್ಲಿದೆ.

ನಿಮ್ಮ ತಂಗಿ


ಜುಲೈ 20

ತಂಗೀ,

ಇದು ಮೂರನೆಯ ಕಾಗದ. ಹಿಂದಿನ ಎರಡಕ್ಕೆ ಉತ್ತರ ಬರಲಿಲ್ಲ. ಉಸಿರು ಉಳಿತಾಯ ಮಾಡುತ್ತಿದ್ದೀರಿ ಎಂದುಕೊಂಡಿದ್ದೇನೆ. ಅಕ್ಕನವರು ಒಂದು ಸಾಲು ಬರೆದರೂ ಸಾಕು.

ನೀವು ಹೇಳಿದ್ದನ್ನು ಅವಳಿಗೆ ಹೇಳಿದೆ. ಜಾಗ ಅಗಲವಾಗಿದೆ, ನಡಿ ಅಂದೆ. ಮೂರನೇ ದಿನ "ಅವರು?" ಅಂದಳು. ಊರಿಗೆ ಹೋಗಿದ್ದಾರೆ ಅಂದೆ. "ಬಂದರೆ?" ಅಂದಳು. ಬಂದಾಗ ನೋಡೋಣ ಅಂದೆ. ತಲೆ ಆಡಿಸಿದಳು, ಬೇಡ ಎಂದು. ಎಷ್ಟು ಹೇಳಿದರೂ ಅಷ್ಟೆ. ನೀವು ಬೈಯಬೇಕಾದದ್ದು ನನ್ನನ್ನಲ್ಲ, ಈ ಸಲ ಬಿಟ್ಟುಕೊಟ್ಟವಳು ಅವಳು.

ಆದರೆ ಕೋಟಿನ ಗುಂಡಿ ಹಚ್ಚಿದಳು. ಸರಿಯಾದ ಬೂದು ಬಣ್ಣ ಕೊನೆಗೂ ಸಿಗಲಿಲ್ಲ. ಅದಕ್ಕೆ ಉಳಿದ ಗುಂಡಿಗಳನ್ನೂ ಕಿತ್ತು ಎಲ್ಲವನ್ನೂ ಒಂದೇ ಬಣ್ಣದ್ದು ಹಾಕಿದಳು, ಕಪ್ಪು. ಮಷೀನಿನ ಕಾಜಾದ ಮೇಲೆ ಕೈಯಲ್ಲಿ ಇನ್ನೊಂದು ಸುತ್ತು ಹೊಲಿಯಲು ಹೊರಟಿದ್ದಾಳೆ, ಎಡಗೈಯಲ್ಲಿ. ಒಂದು ಮುಗಿದಿದೆ. ವಕ್ರವಾಗಿದೆ. ಬೇರೆ ಯಾರಾದರೂ ಹಾಗೆ ಹೊಲಿದಿದ್ದರೆ ಅವಳೇ ಬಿಚ್ಚಿಸುತ್ತಿದ್ದಳು.

ಮೊನ್ನೆ ಕಾವಲುಗಾರ ಬಂದು, "ಅಮ್ಮನ ಜಾಗ ಖಾಲಿ ಬಿದ್ದಿದೆ ಅಲ್ವಾ ಸಾರ್, ಅಲ್ಲೂ ಎರಡು ಕುಂಡ ಇಡು ಅಂದಿದ್ದಾರೆ," ಎಂದ. ಅವನು ಹೋದ ಮೇಲೆ ಕೆಳಗೆ ಇಳಿದು, ನಮ್ಮ ಕಾರನ್ನು ಹಿಂದೆ ತೆಗೆದು, ಗೆರೆಯ ಮೇಲೆ ಎರಡೂ ಜಾಗಕ್ಕೆ ನಡುವೆ ನಿಲ್ಲಿಸಿದೆ. ಕುಂಡ ಇಡಬೇಕೆಂದರೂ ಸಂದಿಯಿಲ್ಲದ ಹಾಗೆ. ನೀವು ಬಂದ ದಿನ ತೆಗೆಯುತ್ತೇನೆ. ಅಂಗಡಿಗೆ ನಡೆದೇ ಹೋಗಿಬರುತ್ತಿದ್ದೇನೆ. ಅವಳು ಇಳಿಯುವುದಿಲ್ಲ, ನೀವು ಇಲ್ಲ, ಗಟ್ಟಿಮುಟ್ಟಾಗಿರುವ ನಾನೊಬ್ಬ ಎರಡು ಜಾಗ ಹಿಡಿದುಕೊಂಡಿದ್ದೇನೆ.

ಇವತ್ತು ಸಂಜೆ ಅಂಗಡಿಯಿಂದ ಬಂದು ಗೇಟಿನ ಹತ್ತಿರದಿಂದ ನೋಡಿದೆ. ವೈಪರ್ ಕೆಳಗೆ ಒಂದು ಬಿಳಿ ಕಾಗದ ಸಿಕ್ಕಿಸಿತ್ತು. ಈ ವಯಸ್ಸಿನಲ್ಲಿ ಇಳಿಜಾರಿನಲ್ಲಿ ಓಡಿದೆ, ತಂಗೀ. ಅಲ್ಲೇ ನಿಂತು ಬಿಡಿಸಿದೆ.

ನಿಮ್ಮ ಅಕ್ಷರವಲ್ಲ. ಯಾರದೆಂದು ಬರೆದಿರಲಿಲ್ಲ. "ಎರಡು ಜಾಗ ಹಿಡಿದು ಕಾರು ನಿಲ್ಲಿಸಿದ್ದೀರಿ. ಕೈಕಾಲು ನೆಟ್ಟಗಿರುವವರು ನೀವು. ನಾಚಿಕೆಯಾಗುವುದಿಲ್ಲವೆ?" ಎಂದು ಬರೆದಿದೆ.

ಉತ್ತರ ಬರೆದು ಅಲ್ಲೇ ಸಿಕ್ಕಿಸಬೇಕು. ಅವಳು ಮಂಚದ ಮೇಲಿಂದ ನೋಡುತ್ತಿದ್ದಾಳೆ, ನಾನು ಪೆನ್ನು ಹಿಡಿದು ಕುಳಿತಿದ್ದೇನೆ. ನೀವು ನನಗೆ ಬರೆದಂಥ ಉತ್ತರ ನನ್ನ ಹತ್ತಿರ ಇಲ್ಲ. ಏನು ಬರೆಯಲಿ, ಹೇಳಿ.

ನಿಮ್ಮ ಅಣ್ಣ,
ಎರಡನೇ ಮಹಡಿಯ ಟೈಲರ್